ಪುಲಿಗೆರೆಯ ಕಟ್ಟಳೆ, ಕಂಪನಿಯ ಮನಾಯಿ

1858ರ ಮೇ 24. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಸರಕಾರದ ಕಾವಲು ಕೂತಿತ್ತು. ದೇಸಾಯಿ ಕೆಂಚನಗೌಡರ ಮನೆಯಲ್ಲಿ ಬಚ್ಚಿಟ್ಟಿದ್ದ ಹತ್ಯಾರಗಳ ಸುಳಿವು ಹತ್ತಿ, ಅವನ್ನು ಜಪ್ತಿ ಮಾಡುವ ಕೆಲಸ ನಡೆದಿತ್ತು. ಮುಂಡರಗಿಯ ಭೀಮರಾಯರು ತಮ್ಮ ಜನರೊಂದಿಗೆ ಬಂದು ಆ ಕಾವಲಿನ ಮೇಲೆ ಬಿದ್ದರು. ಹತ್ಯಾರ ಅವರ ಕೈಸೇರಿದವು. ಅಲ್ಲಿಂದ ಡಂಬಳಕ್ಕೆ ಹೋಗಿ ಸರಕಾರಿ ಖಜಾನೆ ಒಡೆದರು. ಆಮೇಲೆ ಗಡಿ ದಾಟಿ ನಿಜಾಮರ ಸೀಮೆಯ ಕೊಪ್ಪಳ ಕೋಟೆಯನ್ನು ಹಿಡಿದರು. ಜೂನ್ 1ರಂದು ಮೇಜರ್ ಹ್ಯೂಸನ ಪಡೆ ಕೋಟೆಗೆ ಲಗ್ಗೆ ಹಾಕಿತು. ಭೀಮರಾಯರು, ಕೆಂಚನಗೌಡರು ಇಬ್ಬರೂ ಅಲ್ಲೇ ಬಿದ್ದರು. ಸೆರೆ ಸಿಕ್ಕವರಲ್ಲಿ ಹಲವರು ಮರಣದಂಡನೆಗೆ ಗುರಿಯಾದರು.

ಭೀಮರಾಯರು ಕಾಡಿನಲ್ಲಿ ಅಡಗಿ ಬದುಕಿದವರಲ್ಲ. ಇಂಗ್ಲಿಷರ ಕೈಕೆಳಗೆ ಚಾಕರಿ ಮಾಡಿದ್ದವರು, ಕಚೇರಿಯ ಕಾಗದಪತ್ರ ಬಲ್ಲವರು. ಕೆಂಚನಗೌಡರು ದೇಸಗತಿ ಮನೆತನದವರು. ಊರಿನ ಲೆಕ್ಕದಲ್ಲಿ ಇಬ್ಬರೂ ದೊಡ್ಡವರು. ಒಂದು ವರ್ಷದ ಹಿಂದೆ ಅವರ ಮನೆಯಲ್ಲಿ ಕತ್ತಿ, ಬಂದೂಕು ಇದ್ದದ್ದು ಯಾರ ಕಣ್ಣಿಗೂ ಅಪರಾಧವಾಗಿರಲಿಲ್ಲ. ಅದೇ ಮನೆ, ಅದೇ ಕತ್ತಿ. ನಡುವೆ ಒಂದು ಹುಕುಂ ಬಂತು. ನಮ್ಮ ಕಡೆ ಅದಕ್ಕೆ ಇದ್ದ ಹೆಸರು ಮನಾಯಿ. ಆ ಮಾತು ಕಿವಿಗೆ ಬಿದ್ದ ಮರುದಿನದಿಂದ ಮನೆಯ ವಸ್ತು ಕಳವಿನ ಮಾಲಿನಂತಾಯಿತು, ಮನೆಯ ಯಜಮಾನ ಬಂಡುಕೋರನಾದ.

ಗದಗ ಸೀಮೆಯ ಇತಿಹಾಸದಲ್ಲಿ ಈ ಘಟನೆಗೆ ಒಂದೆರಡು ಪುಟ ಸಿಗುತ್ತವೆ. ಆ ಪುಟಗಳನ್ನು ವೀರಗಾಥೆಯಾಗಿ ಓದಿ ಮುಗಿಸಿದರೆ ಅರ್ಧ ಮಾತ್ರ ತಿಳಿದಂತೆ. ಒಂದು ನಾಡು 'ಇದು ಕೂಡದು' ಎನ್ನುವುದನ್ನು ಹೇಗೆ ಕೇಳಿಸಿಕೊಂಡಿತು, ಆ ಮಾತನ್ನು ಯಾರು ಯಾರಿಗೆ ಹೇಳಿದರು, ಹೇಳಿದವರ ಕೈಯನ್ನೂ ಅದು ಕಟ್ಟಿತೋ ಇಲ್ಲವೋ ಎಂಬುದನ್ನೂ ಈ ಕಥೆಯೊಳಗೆ ಹುಡುಕಬೇಕು.

ಕೂಡದು, ಬಾರದು, ಸಲ್ಲದು

ಕನ್ನಡ ತನ್ನ ಸ್ವಂತ ಬಾಯಿಂದ ಬೇಡವೆನ್ನುವ ರೀತಿ ವಿಶೇಷವಾದದ್ದು. ಕೂಡದು ಎಂದರೆ ಹೊಂದಿಕೆಯಾಗದು. ಬಾರದು ಎಂದರೆ ಬರುವಂಥದ್ದಲ್ಲ. ಸಲ್ಲದು ಎಂದರೆ ನಡೆಯದು, ಸವಕಲು ನಾಣ್ಯದ ಹಾಗೆ ಯಾರೂ ಅದನ್ನು ತೆಗೆದುಕೊಳ್ಳರು. ಮೂರರಲ್ಲಿಯೂ ತಡೆಯುವವನು ಕಾಣುವುದಿಲ್ಲ. ಮಾಡಬಾರದ್ದು ತಾನಾಗಿಯೇ ನಾಲ್ವರ ಬಾಳಿಗೆ ಹೊಂದದೆ ಹೊರಗುಳಿಯುತ್ತದೆ ಎಂಬ ನಂಬಿಕೆ ಈ ಮಾತುಗಳ ಒಳಗಿದೆ.

ಸಂಸ್ಕೃತದಿಂದ ಬಂದ ನಿಷೇಧದಲ್ಲಿ ತಡೆಯುವ ಕೈ ಕಾಣುತ್ತದೆ. ಅದರ ಧಾತು 'ಸಿಧ್', ಅಟ್ಟು, ದೂರ ಸರಿಸು ಎಂಬ ಅರ್ಥದ್ದು. ಸಿದ್ಧಿಯ ಅರ್ಥ ಕೊಡುವ ಧಾತು ಬೇರೆ. 'ನಿ' ಸೇರಿದಾಗ ಅದು ಹಿಂದಕ್ಕೆ ಅಟ್ಟುವುದಾಗುತ್ತದೆ. ಮೀಮಾಂಸಕರು ವೇದವಾಕ್ಯಗಳನ್ನು ವಿಂಗಡಿಸಿದಾಗ 'ಮಾಡು' ಎನ್ನುವುದನ್ನು ವಿಧಿ ಎಂದರು, 'ಮಾಡಬೇಡ' ಎನ್ನುವುದನ್ನು ನಿಷೇಧ ಎಂದರು. ಅಲ್ಲಿ ಹಿಂದಕ್ಕೆ ಸರಿಯಬೇಕಾದದ್ದು ಕೆಲಸ. ಮಾಡುವವನು ಕೆಲಸ ಬಿಟ್ಟು ತನ್ನ ಜಾಗದಲ್ಲೇ ಉಳಿಯುತ್ತಾನೆ. ಮನುಷ್ಯನನ್ನೇ ಹೊರಗಿಡುವುದಕ್ಕೆ ಇನ್ನೊಂದು ಮಾತಿತ್ತು, ಬಹಿಷ್ಕಾರ. 'ಬಹಿಸ್' ಎಂದರೆ ಹೊರಗೆ. ಊರು ಒಬ್ಬನಿಗೆ ಬೆಂಕಿ, ನೀರು ಕೊಡುವುದನ್ನು ನಿಲ್ಲಿಸಿದರೆ ಅವನು ಬದುಕಿದ್ದೂ ಊರಿನವನಲ್ಲ.

ಮನಾಯಿ ದೂರದಿಂದ ಬಂದದ್ದು. ತಡೆಯುವುದೆಂಬ ಅರ್ಥದ ಅರಬ್ಬಿ 'ಮನ್ಅ' ಫಾರಸಿ ದಫ್ತರಗಳನ್ನು ಹಾದು, ಮರಾಠಿಯ 'ಮನಾಈ'ಯಾಗಿ, ಪೇಶವೆ ಕಾಲದ ಕಾರಕೂನರ ಲೇಖಣಿಯ ಜೊತೆ ಧಾರವಾಡ ಸೀಮೆಗೆ ಇಳಿಯಿತು. ಹುಕುಂ, ತಾಕೀದು, ಜಪ್ತಿ, ಪರವಾನಿಗೆ ಎಲ್ಲವೂ ಅದೇ ದಾರಿಯಲ್ಲಿ ಬಂದ ಮಾತುಗಳು. ಇವು ಕಚೇರಿಯಿಂದ ಊರಿಗೆ ಹರಿದ ಮಾತುಗಳಾದ್ದರಿಂದ ಇವುಗಳ ಹಿಂದೆ ಯಾವಾಗಲೂ ಮೊಹರು ಇರುತ್ತದೆ, ಶಿಪಾಯಿ ಇರುತ್ತಾನೆ.

ಇಂದು ನಾವು ದಿನಪತ್ರಿಕೆಯಲ್ಲಿ ಓದುವ 'ಬ್ಯಾನ್' ಈ ಯಾವ ಕುಲಕ್ಕೂ ಸೇರಿದ್ದಲ್ಲ. ಕಟ್ಟುವ ಅರ್ಥದ ಫಾರಸಿ 'ಬಂದ್'ಗೂ ಅದಕ್ಕೂ ನಂಟಿಲ್ಲ. ಯುರೋಪಿನ ಹಳೆಯ ಜರ್ಮಾನಿಕ್ ಭಾಷೆಗಳಲ್ಲಿ ಅದರ ಮೊದಲ ಅರ್ಥ ತಡೆಯೆಂದಿರಲಿಲ್ಲ. ಸಾರುವುದು, ದಂಡನೆಯ ಭಯ ಹಾಕಿ ಕರೆಯುವುದು ಎಂದಿತ್ತು. ದೊರೆ ಸಾರಿದ್ದು ಮೀರಬಾರದ್ದು ಎಂಬುದರಿಂದ ತಡೆಯ ಅರ್ಥ ಬೆಳೆಯಿತು. ಸಾರಿ ಹೊರಹಾಕಲ್ಪಟ್ಟವನನ್ನು ಇಟಲಿಯವರು 'ಬಂದಿತೋ' ಎಂದರು. ದರೋಡೆಗಾರನ ಅರ್ಥದ ಇಂಗ್ಲಿಷ್ 'ಬ್ಯಾಂಡಿಟ್' ಹುಟ್ಟಿದ್ದು ಅದರಿಂದ. ಇಂಗ್ಲಿಷಿನ ಇನ್ನೊಂದು ಮಾತು 'ಔಟ್‌ಲಾ' ಉತ್ತರದ ನಾರ್ಸ್ ಜನರದು. ಕಾನೂನಿನ ನೆರಳು ತಪ್ಪಿದವನು ಎಂದು ಅದರ ಅರ್ಥ. ಅಂಥವನನ್ನು ಕೊಂದರೂ ಕೇಳುವವರಿರಲಿಲ್ಲ. ಸಾರುವುದು, ತಡೆಯುವುದು, ಮನುಷ್ಯನನ್ನು ಹೊರಗಟ್ಟುವುದು, ಹೊರಗಟ್ಟಿದವನನ್ನು ಕಳ್ಳನೆಂದು ಕರೆಯುವುದು: ಯುರೋಪಿನಲ್ಲಿ ನೂರಾರು ವರ್ಷ ಹಿಡಿದ ಈ ನಾಲ್ಕು ಹೆಜ್ಜೆಗಳನ್ನು ಮುಂಡರಗಿ ಸೀಮೆ ಒಂದೇ ವರ್ಷದಲ್ಲಿ ಕಂಡಿತು.

ಕಲ್ಲಿನಲ್ಲಿ ಬರೆದ ಕಟ್ಟಳೆ

ಯಳವತ್ತಿಯಂಥ ಸುತ್ತಲಿನ ಹಳ್ಳಿಗಳಿಂದ ಸಂತೆಗೆ, ಕಚೇರಿಗೆ, ದವಾಖಾನೆಗೆ ಜನ ಹೋಗುವ ಲಕ್ಷ್ಮೇಶ್ವರ ಹಿಂದಿನ ಪುಲಿಗೆರೆ, ಮುನ್ನೂರು ಹಳ್ಳಿಗಳ ನಾಡಿನ ಮುಖ್ಯ ಪಟ್ಟಣ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು, ಭೀಮರಾಯರು ಕೊನೆಯುಸಿರೆಳೆದ ಕೊಪಣವೂ ಒಂದು. ಆ ಪುಲಿಗೆರೆಯಲ್ಲಿ ಕನ್ನಡದ ಅಮೂಲ್ಯ ಶಾಸನವೊಂದು ಸಿಕ್ಕಿತು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ, ಅಂದರೆ ಮುಂದೆ ಎರಡನೆಯ ವಿಕ್ರಮಾದಿತ್ಯನಾದವನು, ಪುಲಿಗೆರೆಯ ಮಹಾಜನರಿಗೆ, ನಗರಕ್ಕೆ, ಪ್ರಕೃತಿಗಳೆಂದು ಕರೆಯುವ ಹದಿನೆಂಟು ಜನವರ್ಗಗಳಿಗೆ ಕೊಟ್ಟ ಆಚಾರವ್ಯವಸ್ಥೆ ಅದು. ಕಾಲ ಸುಮಾರು 725.

ಅದರಲ್ಲಿ ಮೊದಲು ಬರುವುದು ರಾಜಪುರುಷರ ಕರ್ತವ್ಯ. ಜನರಿಲ್ಲದ ಮನೆ, ಅರಸ ಕೊಟ್ಟ ದಾನ, ಅರಸನ ಆಜ್ಞೆ, ಒಳ್ಳೆಯವರ ಸಾಕ್ಷಿ, ನಡೆದು ಬಂದ ಮರ್ಯಾದೆ, ತಾಮ್ರಪಟದ ಶಾಸನ, ಅನುಭವಿಸುತ್ತ ಬಂದ ಆಸ್ತಿಯ ಅನುಭೋಗ, ಇವನ್ನೆಲ್ಲ ಅರಸನ ಅಧಿಕಾರಿಗಳು ಕಾಯಬೇಕು. ಆಮೇಲೆ ಜನರ ಕರ್ತವ್ಯ. ಮನೆಗಳವರು ವೈಶಾಖ ಮಾಸದಲ್ಲಿ ದೇಶಾಧಿಪತಿಗೆ ತೆರೆ ಕೊಡಬೇಕು. ದೊಡ್ಡ ಮನೆಗೆ ಹತ್ತು ಪಣ, ನಡುವಿನದಕ್ಕೆ ಏಳು, ಕೆಳಗಿನದಕ್ಕೆ ಐದು, ತೀರ ಸಣ್ಣದಕ್ಕೆ ಮೂರು. ಕಳವಿನ ದಂಡ, ಸಣ್ಣಪುಟ್ಟ ತಪ್ಪುಗಳ ದಂಡ, ಮಕ್ಕಳಿಲ್ಲದೆ ಸತ್ತವರ ಆಸ್ತಿ ಕಾರ್ತಿಕದಲ್ಲಿ ಶ್ರೇಣಿಗೆ, ಅಂದರೆ ಕಸುಬುದಾರರ ಸಂಘಕ್ಕೆ, ಸಲ್ಲಬೇಕು.

ಇದು ಸಮಾನತೆಯ ಕಾಲವಾಗಿರಲಿಲ್ಲ. ಊರಿನ ಮೇಲುಕೀಳುಗಳೆಲ್ಲ ಆಗಲೂ ಇದ್ದವು. ಆದರೆ ಕಟ್ಟಳೆ ಎಂಬ ಕನ್ನಡ ಮಾತು 'ಕಟ್ಟು' ಧಾತುವಿನಿಂದ ಬಂದದ್ದು ಎಂಬುದನ್ನು ನೆನಪಿಟ್ಟುಕೊಂಡು ಈ ಶಾಸನವನ್ನು ಓದಬೇಕು. ಕಟ್ಟಿದ ಹಗ್ಗಕ್ಕೆ ಎರಡು ತುದಿ. ಜನ ಎಷ್ಟು ಕೊಡಬೇಕೆಂದು ಬರೆದಾಗ, ಅದಕ್ಕಿಂತ ಹೆಚ್ಚು ಕೇಳಬಾರದೆಂದು ಅಧಿಕಾರಿಗೂ ಹೇಳಿದಂತಾಯಿತು. ಅನುಭೋಗದಲ್ಲಿದ್ದುದನ್ನು ಕಾಯಬೇಕು ಎಂದಾಗ, ಅದನ್ನು ಕಸಿಯಬಾರದು ಎಂದಂತಾಯಿತು. ದಂಡದ ಹಣ ಊರಿನ ಶ್ರೇಣಿಗೇ ಹೋಗುವುದರಿಂದ, ತಪ್ಪು ಹುಡುಕಿ ಬೊಕ್ಕಸ ತುಂಬಿಸುವ ಆಸೆಗೆ ಎಡೆಯಿಲ್ಲವಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಈ ಮಾತು ಊರವರ ಭಾಷೆಯಲ್ಲಿತ್ತು, ಊರ ನಡುವಿನ ಕಲ್ಲಿನ ಮೇಲಿತ್ತು. ಇಂಥ ಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳನ್ನೂ ಹೀಗೆಯೇ ನೋಡಬೇಕು. ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂದು ಬರೆಯಿಸಿದಾಗ, ಮುಂದೆ ಬರುವ ಅರಸರನ್ನೂ ಅದರೊಳಗೆ ಸೇರಿಸಿಯೇ ಬರೆಯಿಸುತ್ತಿದ್ದರು. ಆಳುವವನನ್ನೂ ಹಿಡಿದು ನಿಲ್ಲಿಸುವ ಮಾತು ಈ ಮಣ್ಣಿನಲ್ಲಿ ಸಾವಿರ ವರ್ಷ ಹಿಂದೆಯೇ ಇತ್ತು.

ಹತ್ಯಾರ ತಂದು ಒಪ್ಪಿಸಿರಿ

1857ರ ಮೇ ತಿಂಗಳಲ್ಲಿ ಮೀರತ್ತಿನಲ್ಲಿ ಸಿಪಾಯಿಗಳು ಎದ್ದರು. ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಶಾಸನಸಭೆ ಆ ವರ್ಷದ 28ನೆಯ ಕಾಯ್ದೆಯನ್ನು ಮಾಡಿತು. ಹತ್ಯಾರ, ಮದ್ದುಗುಂಡುಗಳ ಆಮದು, ತಯಾರಿಕೆ, ಮಾರಾಟ, ಇಟ್ಟುಕೊಳ್ಳುವ ಹಕ್ಕು ಎಲ್ಲವನ್ನೂ ಅದು ಸರಕಾರದ ಮುಷ್ಟಿಗೆ ತಂದಿತು. ದಕ್ಷಿಣ ಮರಾಠಾ ಸೀಮೆ ಎಂದು ಇಂಗ್ಲಿಷರು ಕರೆಯುತ್ತಿದ್ದ ನಮ್ಮ ಭಾಗದಲ್ಲಿ ನಿಶ್ಶಸ್ತ್ರೀಕರಣದ ಕೆಲಸ ಬಿರುಸಾಗಿ ನಡೆಯಿತು.

ಆಗಿನ ಗದಗ ಸೀಮೆಯ ನಕಾಶೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಗದಗ, ಡಂಬಳ ಮುಂಬಯಿ ಸರಕಾರದ ಧಾರವಾಡ ಜಿಲ್ಲೆಯಲ್ಲಿ. ಶಿರಹಟ್ಟಿ ಸಾಂಗಲಿಯ ಪಟವರ್ಧನರದು. ಲಕ್ಷ್ಮೇಶ್ವರ ಮಿರಜದ ಪಟವರ್ಧನರದು. ಸವಣೂರು ನವಾಬರದು. ನರಗುಂದ ಭಾವೆ ಮನೆತನದ್ದು. ಪೂರ್ವಕ್ಕೆ ಕೊಪ್ಪಳ ನಿಜಾಮರದು. ಹೊಳೆ ದಾಟಿದರೆ ಬಳ್ಳಾರಿ ಜಿಲ್ಲೆ, ಅದು ಮದರಾಸಿನದು. ಒಂದು ದಿನದ ದಾರಿಯಲ್ಲಿ ಐದಾರು ಸರಕಾರಗಳು. ಜೋಳ, ಹತ್ತಿ ಬೆಳೆಯುವ ಎರೆಹೊಲದ ಒಕ್ಕಲಿಗನಿಗೆ ತನ್ನೂರಿನ ಕಂದಾಯ ಯಾರಿಗೆ ಸಲ್ಲುತ್ತದೆಂದು ಗೊತ್ತಿತ್ತು. ತನ್ನ ಮನೆಯ ಗೋಡೆಯ ಮೇಲಿನ ಕತ್ತಿಯ ಬಗ್ಗೆ ಕಲ್ಕತ್ತೆಯಲ್ಲಿ ಯಾರೋ ಏನೋ ತೀರ್ಮಾನಿಸಿದ್ದು ಹೇಗೆ ಗೊತ್ತಾಗಬೇಕು? ಸರಕಾರದ ಮಾತು ಹಳ್ಳಿಗೆ ಮುಟ್ಟುತ್ತಿದ್ದದ್ದು ಡಂಗುರದ ಮೂಲಕ. ಹಲಗೆಯ ಸದ್ದಿಗೆ ಜನ ಕೂಡಿದರೆ ಕೇಳುವುದು ಕಾಯ್ದೆಯ ಕಾರಣವಲ್ಲ, ಅದರ ತುದಿ ಮಾತ್ರ: ಹತ್ಯಾರ ತಂದು ಒಪ್ಪಿಸಿರಿ, ಒಪ್ಪಿಸದಿದ್ದರೆ ಶಿಕ್ಷೆ.

ಹತ್ಯಾರವೆಂದರೆ ಈ ಜನಕ್ಕೆ ಏನಾಗಿತ್ತು ಎಂಬುದನ್ನು ಅಧಿಕಾರಿಗಳು ಎಣಿಕೆಗೆ ತಂದುಕೊಂಡಂತೆ ಕಾಣುವುದಿಲ್ಲ. ಶೇತಸನದಿಗಳೆಂಬ ಊರ ಕಾವಲಿನವರು ಹತ್ಯಾರ ಹಿಡಿದು ಸೇವೆ ಮಾಡಿ, ಅದಕ್ಕಾಗಿ ಹೊಲ ಉಣ್ಣುತ್ತಿದ್ದರು. ಸಂಗೊಳ್ಳಿ ರಾಯಣ್ಣ ಅಂಥ ಒಬ್ಬ ಶೇತಸನದಿ. ಬೇಡರಿಗೆ ಬೇಟೆಯೂ ದಂಡಿನ ಚಾಕರಿಯೂ ಕುಲದ ಕಸುಬು. ದೇಸಾಯರಿಗೆ ಕತ್ತಿ ತಮ್ಮ ವತನದ ಗುರುತು. ಮಹಾನವಮಿಯಲ್ಲಿ ಖಂಡೆಪೂಜೆ ಮಾಡುವ ಮನೆಯಲ್ಲಿ ಕತ್ತಿ ದೇವರ ಜಗುಲಿಯ ಮೇಲೆ ಕೂಡುವ ವಸ್ತು. ಹಳ್ಳಿಹಳ್ಳಿಯ ವೀರಗಲ್ಲುಗಳಲ್ಲಿ ತುರು ಕಾಯುತ್ತ ಸತ್ತವನ ಕೈಯಲ್ಲಿ ಇರುವುದೂ ಅದೇ.

ಇದಕ್ಕೆ ಮೊದಲೇ ಇನ್ನೊಂದು ಗಾಯವಾಗಿತ್ತು. 1852ರ 11ನೆಯ ಕಾಯ್ದೆಯ ಬಲದಿಂದ ಇನಾಂ ಕಮಿಷನ್ನಿನವರು ಮನೆಮನೆಯ ಸನದುಗಳನ್ನು ಕೇಳುತ್ತಿದ್ದರು. ತಲೆಮಾರುಗಳಿಂದ ಉಂಡ ಭೂಮಿಗೆ ಕಾಗದ ತೋರಿಸಲಾಗದವರು ಅದನ್ನು ಕಳೆದುಕೊಂಡರು. ಅನುಭೋಗವನ್ನು ಕಾಯಬೇಕೆಂದು ಪುಲಿಗೆರೆಯ ಕಲ್ಲು ಹೇಳಿದ್ದರೆ, ಇಲ್ಲಿ ಅನುಭೋಗವೇ ಸಂಶಯಕ್ಕೆ ಗುರಿಯಾಯಿತು. ಭೂಮಿ ಹೋದ ಮೇಲೆ ಕತ್ತಿಯನ್ನೂ ಕೊಡು ಎಂದದ್ದು ಆ ಗಾಯದ ಮೇಲಿನ ಬರೆ.

ಹಲಗಲಿಯಿಂದ ಸುರೇಬಾನದವರೆಗೆ

ಮೊದಲು ಇಲ್ಲ ಎಂದವರು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು. ಜಡಗಾ, ಬಾಲಾ, ಹನುಮ, ರಾಮ ಅವರ ಮುಂದಾಳುಗಳು. 1857ರ ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ಪಡೆ ಊರನ್ನು ಸುತ್ತಿ ಬೆಂಕಿ ಹಚ್ಚಿತು. ಸುಮಾರು ನೂರು ಜನ ಸತ್ತರು. ಸೆರೆ ಸಿಕ್ಕವರಲ್ಲಿ 13 ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, 6 ಜನರನ್ನು 14ರಂದು ಹಲಗಲಿಯಲ್ಲಿಯೇ ಗಲ್ಲಿಗೇರಿಸಿದರು. ಈ ಕಥೆಯನ್ನು ಲಾವಣಿಯಾಗಿ ಕಟ್ಟಿದವರು ನೆನೆದ ದೈವ ಗದಗಿನ ಹತ್ತಿರದ ಕುರ್ತಕೋಟಿಯ ಕಲ್ಮೇಶ. ಇಂಗ್ಲಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ಇಂಥ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಇಂದು ಹಲಗಲಿಯ ಲಾವಣಿ ನಮ್ಮ ಮಕ್ಕಳ ಪಠ್ಯದಲ್ಲಿದೆ. ಸರಕಾರದ ಕಾಗದದಲ್ಲಿ ಬಂಡುಕೋರರೆಂದು ಬರೆಯಿಸಿಕೊಂಡವರು ಲಾವಣಿಕಾರನ ಬಾಯಲ್ಲಿ ಮನೆಯವರಾಗಿಯೇ ಉಳಿದರು.

ಬಂಡುಕೋರ ಎಂಬ ಮಾತೂ ಹೊರಗಿನಿಂದ ಬಂದದ್ದೇ. ದಂಗೆಯ ಅರ್ಥದ 'ಬಂಡ' ಮರಾಠಿಯದು, 'ಕೋರ' ಫಾರಸಿಯದು. ಲಂಚಕೋರನಲ್ಲಿ ಇರುವ ಪ್ರತ್ಯಯವೇ ಇಲ್ಲಿಯೂ ಇದೆ. ದಂಗೆಯೇ ಚಟವಾದವನು ಎಂಬ ಹೀನಾಯದ ಧ್ವನಿ ಅದರಲ್ಲಿತ್ತು. ಅದೇ 'ಬಂಡು' ಮುಂದೆ ಕನ್ನಡದಲ್ಲಿ ಬಂಡಾಯವಾಗಿ ಬೆಳೆದು, ಒಂದು ಸಾಹಿತ್ಯ ಚಳವಳಿಯ ಗೌರವದ ಹೆಸರಾಯಿತು.

ಹಲಗಲಿ ಸುಟ್ಟ ಬೂದಿ ಆರುವ ಮೊದಲೇ, 1858ರ ಫೆಬ್ರುವರಿಯಲ್ಲಿ ಸುರಪುರದ ವೆಂಕಟಪ್ಪ ನಾಯಕರು ಎದ್ದು ಸೋತರು. ಮೇ ತಿಂಗಳಲ್ಲಿ ಕಿಡಿ ಗದಗ ಸೀಮೆಗೆ ಹತ್ತಿತು. ಹಮ್ಮಿಗಿಯ ಜಪ್ತಿ, ಡಂಬಳದ ಖಜಾನೆ, ಕೊಪ್ಪಳದ ಕೋಟೆಯ ಕಥೆ ಆಗಲೇ ಹೇಳಿದ್ದು. ಅದೇ ದಿನಗಳಲ್ಲಿ ನರಗುಂದದಲ್ಲಿ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬರು, ತಮ್ಮ ನಿರ್ಧಾರಕ್ಕೆ ಬಂದಿದ್ದರು. ಮಗ ತೀರಿಕೊಂಡಿದ್ದ. ದತ್ತಕ ತೆಗೆದುಕೊಳ್ಳಲು ಕೇಳಿದ ಅಪ್ಪಣೆ ಸಿಕ್ಕಿರಲಿಲ್ಲ. ಕೋಟೆಯ ತೋಪುಗಳನ್ನು ಧಾರವಾಡಕ್ಕೆ ಕಳಿಸಬೇಕೆಂದು ಸರಕಾರ ಕೇಳಿತ್ತು. ವಂಶ ಮುಂದುವರಿಯುವುದಕ್ಕೂ ತಡೆ, ಕೋಟೆ ಕಾಯುವುದಕ್ಕೂ ತಡೆ. ಮೇ 29ರ ರಾತ್ರಿ ಅವರ ಜನ ಸುರೇಬಾನದಲ್ಲಿ ಬಿಡಾರ ಹೂಡಿದ್ದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ನನನ್ನು ಕೊಂದರು. ಅವನ ತಲೆಯನ್ನು ನರಗುಂದಕ್ಕೆ ತಂದು ಅಗಸೆಗೆ ತೂಗುಹಾಕಿದರು. ಜೂನ್ ಮೊದಲ ದಿನಗಳಲ್ಲಿ ಕರ್ನಲ್ ಮಾಲ್ಕಂನ ಪಡೆಗೆ ಕೋಟೆ ವಶವಾಯಿತು. ತಪ್ಪಿಸಿಕೊಂಡು ಹೋಗಿದ್ದ ಬಾಬಾಸಾಹೇಬರನ್ನು ತೋರಗಲ್ಲಿನ ಕಡೆ ಪೊಲೀಸ್ ಅಧಿಕಾರಿ ಫ್ರಾಂಕ್ ಸೂಟರ್ ಹಿಡಿದ. ಅವರ ತಾಯಿ, ಮಡದಿ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು.

ಮೇ 24ರಿಂದ ಜೂನ್ 12ರವರೆಗೆ ಇಪ್ಪತ್ತು ದಿನ. ಇಷ್ಟರಲ್ಲಿ ಇಂದಿನ ಗದಗ ಜಿಲ್ಲೆಯ ಎರಡು ತುದಿಗಳಲ್ಲಿ ದೊಡ್ಡ ಮನೆತನಗಳು ಮುರಿದವು. ಮ್ಯಾನ್ಸನ್ನನ ಕೊಲೆಯನ್ನು ಕೊಂಡಾಡಬೇಕೆಂದು ನಾನು ಹೇಳುವುದಿಲ್ಲ. ಹಮ್ಮಿಗಿಯಲ್ಲಿ ಕಾವಲಿದ್ದವರೂ ಈ ನಾಡಿನ ಹೊಟ್ಟೆಪಾಡಿನ ಜನ. ನಾನು ಹೇಳುವುದು ಇಷ್ಟು: ಶಾಂತಿ ಕಾಯುವುದಕ್ಕೆಂದು ತಂದ ಮನಾಯಿಯೇ ಇಲ್ಲಿ ಅಶಾಂತಿಯ ತಾಯಿಯಾಯಿತು. ಅದಕ್ಕೆ ಕಾರಣ ತಡೆ ಎಂಬುದು ಇದ್ದದ್ದಲ್ಲ. ಕೊಡುವವನಿಂದ ಮಾತ್ರ ಕೇಳುವ, ಕೇಳುವವನಿಗೆ ಯಾವ ಕಟ್ಟೂ ಇಲ್ಲದ ತಡೆ ಅದಾಗಿತ್ತು.

ಈ ಒಂದೇ ತುದಿಯ ಹಗ್ಗ ಆಮೇಲೆ ಇನ್ನೂ ಬಿಗಿಯಾಯಿತು. ಲಾರ್ಡ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹಿಂದೂಸ್ತಾನದವನಿಗೆ ಪರವಾನಿಗೆ ಬೇಕು, ಯುರೋಪಿಯನ್ನನಿಗೆ ಬೇಡ. ನಮ್ಮದೇ ನಾಡಿನ ಕೊಡಗಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. 1861ರ ಫೆಬ್ರುವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಮೆಚ್ಚಿ ಅವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಕೊಟ್ಟ. ಆ ವಿನಾಯಿತಿ ಇವತ್ತಿಗೂ ನಡೆದು ಬಂದಿದೆ. ಕೊಡವರಿಗೂ ಬೇಡರಿಗೂ ಹತ್ಯಾರ ಒಂದೇ ಬಗೆಯಲ್ಲಿ ಪೂಜ್ಯ. ಒಂದು ಕಡೆ ಅದು ಗೌರವವಾಯಿತು, ಇನ್ನೊಂದು ಕಡೆ ನೇಣಾಯಿತು. ಅಹಿಂಸೆಗೆ ಬಾಳನ್ನೇ ತೆತ್ತ ಗಾಂಧೀಜಿ ಕೂಡ ಇಡೀ ಜನತೆಯಿಂದ ಹತ್ಯಾರ ಕಸಿದ ಈ ಕಾಯ್ದೆಯನ್ನು ಬ್ರಿಟಿಷ್ ಆಳ್ವಿಕೆಯ ಅತಿ ಕರಾಳ ಕೃತ್ಯಗಳಲ್ಲಿ ಎಣಿಸಿದ್ದರು. 1959ರಲ್ಲಿ ಸ್ವತಂತ್ರ ಭಾರತ ತನ್ನದೇ ಶಸ್ತ್ರಾಸ್ತ್ರ ಕಾಯ್ದೆ ಮಾಡಿತು. ಪರವಾನಿಗೆ ಈಗಲೂ ಬೇಕು. ಆದರೆ ಚರ್ಮದ ಬಣ್ಣ ನೋಡಿ ಬಿಡುವ ನಿಯಮ ಅದರಲ್ಲಿಲ್ಲ. ತಡೆಗೆ ಜನರ ಒಪ್ಪಿಗೆಯ ಬೇರು ಬಂತು.

ವಸ್ತುವಿನಿಂದ ಮನುಷ್ಯನಿಗೆ

ಹತ್ಯಾರವನ್ನು ಕಾನೂನಿನ ಹೊರಗಿಟ್ಟ ಸರಕಾರ ಹದಿನಾಲ್ಕು ವರ್ಷಗಳ ನಂತರ ಮನುಷ್ಯರನ್ನೇ ಹೊರಗಿಟ್ಟಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತದಲ್ಲಿ ಬಂತು. 1911ರಲ್ಲಿ ಅದನ್ನು ದೇಶಕ್ಕೆಲ್ಲ ಹಬ್ಬಿಸಿದರು. ಒಂದು ಸಮುದಾಯದ ಹೆಸರನ್ನು ಸರಕಾರ ಗೆಜೆಟ್ಟಿನಲ್ಲಿ ಸಾರಿದರೆ ಮುಗಿಯಿತು. ಆ ಸಾರಿಕೆ ಸರಿಯೋ ತಪ್ಪೋ ಎಂದು ಯಾವ ನ್ಯಾಯಾಲಯವೂ ಕೇಳಕೂಡದು ಎಂದು 1871ರ ಕಾಯ್ದೆಯೇ ಬರೆದಿತ್ತು. 'ಬ್ಯಾನ್' ಎಂಬ ಮಾತಿನ ಹಳೆಯ ಅರ್ಥ, ಸಾರಿ ಹೊರಗಟ್ಟುವುದು, ಇಲ್ಲಿ ಅಕ್ಷರಶಃ ನಿಜವಾಯಿತು.

ಮುಂಬಯಿ ಪ್ರಾಂತದಲ್ಲಿ ಒ. ಎಚ್. ಬಿ. ಸ್ಟಾರ್ಟ್ ಎಂಬ ಅಧಿಕಾರಿಯ ಮುಂದಾಳತನದಲ್ಲಿ, ವಿಜಯಪುರವನ್ನು ಕೇಂದ್ರವಾಗಿಟ್ಟುಕೊಂಡು ಸೆಟ್ಲಮೆಂಟುಗಳು ಎದ್ದವು. ಹುಬ್ಬಳ್ಳಿ, ಬಾಗಲಕೋಟೆಯಂತೆ ಗದಗ-ಬೆಟಗೇರಿಯಲ್ಲಿಯೂ ಒಂದು. ಗಂಟಿಚೋರರು, ಕೊರವರು, ಹರಣಶಿಕಾರಿಗಳಂಥ ಸಮುದಾಯಗಳ ಕುಟುಂಬಗಳನ್ನು ಇಂಥ ಕಡೆ ತಂದು ಇರಿಸಿದರು. ಹೆಸರು ನೋಂದಾಯಿಸಿ ಬೆರಳಚ್ಚು ತೆಗೆದುಕೊಂಡರು. ಹೊತ್ತುಹೊತ್ತಿಗೆ ಹಾಜರಿ. ಹೊರಗೆ ಹೋಗಬೇಕಾದರೆ ಪಾಸು. ದುಡಿಮೆ ಹತ್ತಿಯ ಗಿರಣಿಗಳಲ್ಲಿ, ರಸ್ತೆಯ ಕೆಲಸದಲ್ಲಿ. ಶಾಲೆಯೂ ಇತ್ತು, ಕೂಲಿಯೂ ಇತ್ತು. ಬೇಲಿಯೊಳಗೆ ಹುಟ್ಟಿದ ಮಗು ಯಾವ ತಪ್ಪನ್ನೂ ಮಾಡುವ ಮೊದಲೇ ಗುಮಾನಿಯ ಪಟ್ಟಿಗೆ ಸೇರುತ್ತಿತ್ತು. ಗಂಟು ಕದಿಯುವವರು ಎಂಬ ಆರೋಪವೇ ಒಂದು ಸಮುದಾಯದ ಕುಲನಾಮವಾಗಿ ಕಾಗದದಲ್ಲಿ ಕೂತದ್ದನ್ನು ನೋಡಿದರೆ, ಹೊರಗಟ್ಟುವ ಮಾತಿಗೆ ಎಷ್ಟು ಆಯುಷ್ಯವೆಂದು ತಿಳಿಯುತ್ತದೆ.

ಮೀಮಾಂಸಕರ ನಿಷೇಧದಲ್ಲಿ ಕೆಲಸ ಹಿಂದಕ್ಕೆ ಸರಿಯುತ್ತಿತ್ತು, ಮನುಷ್ಯ ಉಳಿಯುತ್ತಿದ್ದ. ಈ ಕಾಯ್ದೆಯಲ್ಲಿ ಕೆಲಸದ ಪ್ರಶ್ನೆಯೇ ಇಲ್ಲ, ಹುಟ್ಟೇ ತಪ್ಪು. ಊರಿನ ಬಹಿಷ್ಕಾರ ಒಂದು ಊರಿಗೆ ಸೀಮಿತವಾಗಿರುತ್ತಿತ್ತು, ಮುಂದಿನ ಊರಿನಲ್ಲಾದರೂ ನೀರು ಸಿಗುತ್ತಿತ್ತು. ರೈಲು, ಪೊಲೀಸು, ಬೆರಳಚ್ಚು ಇರುವ ಸರಕಾರದ ಬಹಿಷ್ಕಾರಕ್ಕೆ ಮುಂದಿನ ಊರೇ ಇರಲಿಲ್ಲ.

ಮುಂಬಯಿ ಪ್ರಾಂತ 1949ರಲ್ಲಿ ಈ ಕಾಯ್ದೆಯನ್ನು ತೆಗೆಯಿತು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ರಂದು ದೇಶದಲ್ಲೆಲ್ಲ ಅದು ರದ್ದಾಯಿತು. ಆ ಸಮುದಾಯಗಳಿಗೆ ವಿಮುಕ್ತರು ಎಂಬ ಹೆಸರು ಬಂತು. ಆದರೆ ರೂಢಿಗತ ಅಪರಾಧಿಗಳ ಹೆಸರಿನ ರಾಜ್ಯ ಕಾಯ್ದೆಗಳಲ್ಲಿ ಹಳೆಯ ಗುಮಾನಿ ಬೇರೆ ವೇಷದಲ್ಲಿ ಉಳಿಯಿತು. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೈಲು ಕೈಪಿಡಿಗಳಲ್ಲಿನ ಜಾತಿಭೇದವನ್ನು ತೊಡೆದು ಹಾಕಿದಾಗ, ವಿಮುಕ್ತ ಸಮುದಾಯಗಳನ್ನು ಹುಟ್ಟಪರಾಧಿಗಳಂತೆ ಕಾಣುವ ನಿಯಮಗಳನ್ನೂ ಸಂವಿಧಾನ ವಿರೋಧಿ ಎಂದಿತು. ಸಾರಿ ಹೊರಗಟ್ಟಿದ್ದನ್ನು ಸಾರಿಯೇ ಒಳಗೆ ಕರೆಯಬೇಕಾಗುತ್ತದೆ, ಅದಕ್ಕೆ ಕಾಲ ಹಿಡಿಯುತ್ತದೆ.

ತಡೆಯನ್ನು ತೂಗುವ ಬಗೆ

ತಡೆಯಿಲ್ಲದ ಸಮಾಜ ಇರಲಾರದು. ಬಾಲ್ಯವಿವಾಹಕ್ಕೆ, ಅಸ್ಪೃಶ್ಯತೆಗೆ, ಜೀತಕ್ಕೆ ಕಾನೂನು ಕೂಡದೆಂದದ್ದರಿಂದಲೇ ಎಷ್ಟೋ ಮನೆಗಳಲ್ಲಿ ಬೆಳಕು ಹರಿದಿದೆ. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೆಯ ವಿಧಿ ಊರಿನ ಶತಮಾನಗಳ ಬಹಿಷ್ಕಾರವನ್ನೇ ಬಹಿಷ್ಕರಿಸಿತು. ಅಲ್ಲಿ ತಡೆಯಿಂದ ಜನ ಒಳಗೆ ಬಂದರು. ಹಾಗಾಗಿ ನಿಷೇಧ ಒಳ್ಳೆಯದೋ ಕೆಟ್ಟದ್ದೋ ಎಂದು ಒಟ್ಟಾಗಿ ಕೇಳುವುದರಲ್ಲಿ ಅರ್ಥವಿಲ್ಲ.

ಗದಗ ಸೀಮೆಯ ಈ ಹನ್ನೆರಡು ಶತಮಾನಗಳ ಕಥೆ ನಮ್ಮ ಕೈಗೆ ಮೂರು ಪ್ರಶ್ನೆಗಳನ್ನು ಕೊಡುತ್ತದೆ. ತಡೆಯ ಮಾತು ತಡೆಗೆ ಒಳಗಾಗುವವನ ಭಾಷೆಯಲ್ಲಿ, ಕಾರಣ ಸಹಿತ ಅವನಿಗೆ ಮುಟ್ಟಿತೇ? ಅದು ಹೇರಿದವನ ಕೈಯನ್ನೂ ಕಟ್ಟುತ್ತದೆಯೇ? ಮೀರಿದವನಿಗೆ ದಂಡ ತೆತ್ತು ಮರಳಿ ಬರುವ ದಾರಿ ಇದೆಯೇ? ಪುಲಿಗೆರೆಯ ಆಚಾರವ್ಯವಸ್ಥೆ ತನ್ನ ಕಾಲದ ಮಿತಿಯೊಳಗೆ ಮೂರಕ್ಕೂ ಹೌದೆಂದು ಹೇಳುತ್ತದೆ. ಮಾತು ಕನ್ನಡದ್ದು, ಕಟ್ಟು ಅಧಿಕಾರಿಗೂ ಇತ್ತು, ದಂಡ ತೆತ್ತವನು ಊರಿನಲ್ಲೇ ಉಳಿಯುತ್ತಿದ್ದ. 1857ರ ಮನಾಯಿಯಲ್ಲಿ ಮೂರಕ್ಕೂ ಇಲ್ಲವೆಂಬ ಉತ್ತರ. 1871ರ ಕಾಯ್ದೆಯಲ್ಲಿ ಮೂರನೆಯ ಪ್ರಶ್ನೆ ಕೇಳುವುದಕ್ಕೇ ಅವಕಾಶವಿರಲಿಲ್ಲ.

ನಿಷೇಧದ ಸುದ್ದಿಯಿಲ್ಲದ ವಾರ ಈಗ ಅಪರೂಪ. ಪುಸ್ತಕ, ಸಿನಿಮಾ, ಸಂಘಟನೆ, ಆಹಾರ, ಉಡುಪು, ಮೊಬೈಲಿನ ಆಟ, ಯಾವುದಾದರೊಂದನ್ನು ತಡೆಯಬೇಕೆಂದು ಯಾರಾದರೂ ಕೂಗುತ್ತಲೇ ಇರುತ್ತಾರೆ. ಅವುಗಳಲ್ಲಿ ಕೆಲವು ಬೇಕಾದ ತಡೆಗಳೇ ಇರಬಹುದು. ಕೂಗಿಗೆ ದನಿಗೂಡಿಸುವ ಮೊದಲು ಈ ಮೂರು ಪ್ರಶ್ನೆ ಕೇಳುವುದು ಮುಂಡರಗಿ, ಹಮ್ಮಿಗಿ, ನರಗುಂದ, ಬೆಟಗೇರಿಗಳ ನೆರೆಯಲ್ಲಿ ಬದುಕುವವರ ಹಕ್ಕು, ಹೊಣೆ ಕೂಡ. ಕೆಲಸಕ್ಕೆ ಹಾಕಿದ ತಡೆ ಮನುಷ್ಯನಿಗೆ ಹಾಕಿದ ತಡೆಯಾಗುವ ಗಳಿಗೆಯನ್ನು ಗುರುತಿಸಿ, ಆಗಲೇ ಅದು ಕೂಡದು ಎಂದು ಹೇಳುವ ಜನ ಬೇಕು. ಆಳುವವರಿಗೆ ಸಲ್ಲದ್ದನ್ನು ಸಲ್ಲದೆಂದು ಹೇಳುವುದಕ್ಕೆ ಬೇಕಾದ ಮಾತುಗಳೆಲ್ಲ ತಿರುಳ್ಗನ್ನಡದ ಈ ನಾಡಿನಲ್ಲಿ ಮೊದಲಿನಿಂದಲೂ ಇವೆ. ಅವನ್ನು ಆಡಬೇಕಾದವರು ನಾವು.